ಹೆಸರು ಹಾಯಿಗೆ, ಗೋಳು ಗಳಕ್ಕೆ

ಸ್ಪಿನೇಕರ್ ಹಾಯಿ ಯಾರಿಗೆ ಗೊತ್ತಿಲ್ಲ ಹೇಳಿ. ಕ್ಯಾಲೆಂಡರಿನಲ್ಲಿ, ಇನ್ಶೂರೆನ್ಸ್ ಜಾಹೀರಾತಿನಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಗೋಡೆ ಮೇಲೆ, ಕೆಂಪು ಹಳದಿ ಪಟ್ಟೆ ಬಳಿದುಕೊಂಡು, ಹೊಟ್ಟೆ ಮುಂದೆ ಮಾಡಿಕೊಂಡು ದೋಣಿಯನ್ನು ಎಳೆದುಕೊಂಡು ಹೋಗ್ತಿರುತ್ತಲ್ಲ, ಅದೇ. ಬೆನ್ನಿಗೆ ಗಾಳಿ ಬಿದ್ದಾಗ ಬಿಚ್ಚುವ ಹಾಯಿ. ನೋಡಿದವರೆಲ್ಲ ‘ಆಹಾ’ ಅಂತಾರೆ, ಫೋನ್ ತೆಗೀತಾರೆ. ಆದರೆ ಆ ಹಾಯಿಯ ಒಂದು ಮೂಲೆಯನ್ನು ಗಾಳಿಗೆ ಒಡ್ಡಿ ಹಿಡಿದುಕೊಂಡು, ಮಾಸ್ಟಿನಿಂದ, ಅಂದರೆ ಹಾಯಿಯ ಕಂಬದಿಂದ, ಅಡ್ಡಕ್ಕೆ ಚಾಚಿಕೊಂಡ ಒಂದು ಗಳ ಇರುತ್ತೆ. ಅದನ್ನು ಯಾವತ್ತಾದರೂ ನೋಡಿದ್ದೀರಾ? ಫೋಟೊದಲ್ಲಿ ಇದ್ದೇ ಇರುತ್ತೆ, ಕಣ್ಣಿಗೆ ಮಾತ್ರ ಬಿದ್ದಿರಲ್ಲ. ಹೆಸರೆಲ್ಲ ಹಾಯಿಗೆ, ಗೋಳೆಲ್ಲ ಗಳಕ್ಕೆ. ಲೋಕವೇ ಹಾಗೆ ಬಿಡಿ.

ಈ ಗೋಳು ನನಗೆ ತಿಳಿದದ್ದು ಬೇಲಿಯ ದೆಸೆಯಿಂದ. ನಾವಿರೋದು ಅಲಮೀಡಾದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯೊಳಗಿನ ದ್ವೀಪದ ಊರು, ಓಕ್‌ಲ್ಯಾಂಡಿಗೂ ನಮಗೂ ನಡುವೆ ಒಂದು ನೀರಿನ ಪಟ್ಟಿ. ಊರ ಸುತ್ತ ಎಲ್ಲಿ ನೋಡಿದ್ರೂ ದೋಣಿ ಕಟ್ಟಿಹಾಕೋ ಮರೀನಾಗಳು. ಪಕ್ಕದ ಮನೆ ತಾತ ಚಳಿಗಾಲ ಬಂತೆಂದರೆ ದೋಣಿಯನ್ನು ಮರೀನಾದಲ್ಲೇ ಬಿಟ್ಟು, ಸ್ಪಿನೇಕರ್ ಪೋಲನ್ನು, ಅಂದರೆ ಆ ಗಳವನ್ನು ಮಾತ್ರ ಕಾರಿನ ತಲೆ ಮೇಲೆ ಕಟ್ಟಿಕೊಂಡು ಮನೆಗೆ ತರ್ತಾರೆ. ಎರಡು ಮರದ ಸ್ಟ್ಯಾಂಡಿನ ಮೇಲೆ ನಮ್ಮ ಬೇಲಿಗೆ ಸಮಾನಾಂತರವಾಗಿ ಮಲಗಿಸ್ತಾರೆ. ಆಮೇಲೆ ಮಾರ್ಚಿವರೆಗೂ ಅದರ ಆರೈಕೆ. ಉಜ್ಜೋದೇನು, ಒರೆಸೋದೇನು, ಎರಡು ತುದಿಯ ಕೊಕ್ಕೆಗಳನ್ನು ಕಟಕ್ ಕಟಕ್ ಅಂತ ತೆಗೆದು ಹಾಕೋದೇನು. ಬಾಣಂತಿಗೂ ಇಷ್ಟು ಉಪಚಾರ ನಡೆಯಲ್ಲ.

ತಾತನದು ಜೆ/24 ದೋಣಿ. ಹೆಸರೇ ಹೇಳೋ ಹಾಗೆ 24 ಅಡಿ. ಇದರ ಕಥೆ ನನಗೆ ಬಹಳ ಇಷ್ಟ. ರಾಡ್ ಜಾನ್‌ಸ್ಟೋನ್ ಅನ್ನೋರು ಕನೆಕ್ಟಿಕಟ್ ರಾಜ್ಯದ ಸ್ಟೋನಿಂಗ್‌ಟನ್‌ನಲ್ಲಿ ತಮ್ಮ ಮನೆಯ ಗ್ಯಾರೇಜಿನಲ್ಲೇ ಇದರ ಮೊದಲ ದೋಣಿಯನ್ನು ಕಟ್ಟಿದರಂತೆ. 1977ರಿಂದ ಅದು ಕಾರ್ಖಾನೆಯಲ್ಲಿ ತಯಾರಾಗೋಕೆ ಶುರುವಾಯ್ತು, ಈಗ ಪ್ರಪಂಚದಾದ್ಯಂತ 5 ಸಾವಿರಕ್ಕೂ ಮೇಲೆ ಇವೆ. ಗ್ಯಾರೇಜಿನಿಂದ ಕಂಪ್ಯೂಟರೂ ಬರುತ್ತೆ, ದೋಣಿಯೂ ಬರುತ್ತೆ ಈ ದೇಶದಲ್ಲಿ. ನಮ್ಮ ಗ್ಯಾರೇಜಿನಿಂದ ಇಷ್ಟು ವರ್ಷ ಬಂದಿರೋದು ಸೋನಾ ಮಸೂರಿ ಮೂಟೆ ಮತ್ತು ಖಾಲಿ ಸೂಟ್‌ಕೇಸು.

ಈ ದೋಣಿಗೆ ಸಾಮಾನ್ಯವಾಗಿ ಐದು ಜನ ಬೇಕು. ರೇಸಿಗೆ ಹತ್ತುವಾಗ ಎಲ್ಲರದೂ ಸೇರಿ 400 ಕಿಲೋ ಮೀರಬಾರದು ಅಂತ ಜೆ/24ನವರ ಕಟ್ಟಳೆ. ದೊಡ್ಡ ಸ್ಪರ್ಧೆಗಳಲ್ಲಿ ತಕ್ಕಡಿ ಮೇಲೆ ನಿಲ್ಲಿಸಿಯೇ ಬಿಡ್ತಾರೆ. ನಮ್ಮವರು ತಾತನ ದೋಣಿಯಲ್ಲಿ ಮುಂದಿನ ಆಳು, ಅಂದರೆ ಗಳ ಹಿಡಿಯೋರು. ಯುಗಾದಿ ಹೋಳಿಗೆ ಆದ ಮರುವಾರ ತಾತ ಬೇಲಿ ಮೇಲಿಂದ ಇವರ ಹೊಟ್ಟೆಯ ಕಡೆ ಒಂದು ನೋಟ ಬೀರ್ತಾರೆ ನೋಡಿ, ಆ ನೋಟಕ್ಕೆ ಭಾಷಾಂತರವೇ ಬೇಡ.

ಗಳದ ಉದ್ದ 9.5 ಅಡಿ. ಅದಕ್ಕೂ ಒಂದು ಲೆಕ್ಕ ಇದೆ. ಮಾಸ್ಟಿನ ಬುಡದಿಂದ ದೋಣಿಯ ಮೂತಿಗೆ ಇಳಿದು ಬರೋ ತಂತಿಯವರೆಗೆ ಎಷ್ಟು ದೂರವೋ ಗಳವೂ ಅಷ್ಟೇ. ಅದಕ್ಕಿಂತ ಉದ್ದ ಇಟ್ಟುಕೊಂಡರೆ ಹಾಯಿ ಇನ್ನೂ ಅಗಲಕ್ಕೆ ಹರಡುತ್ತೆ, ಓಟ ಜಾಸ್ತಿಯಾಗುತ್ತೆ. ಹಾಗಾಗಿ ಬೇರೆ ಬೇರೆ ಜಾತಿಯ ದೋಣಿಗಳು ಒಟ್ಟಿಗೆ ಓಡೋ ರೇಸುಗಳಲ್ಲಿ ಉದ್ದದ ಗಳ ಇಟ್ಟವರಿಗೆ ಸಿಗೋ ಸಮಯದ ರಿಯಾಯಿತಿಯಲ್ಲಿ ಕಡಿತ. ಗಳ ಉದ್ದ ಮಾಡ್ಕೋ, ಆದ್ರೆ ಕಪ್ಪ ಕೊಡು ಅಂತ. ನ್ಯಾಯವೇ ಅಲ್ವಾ?

ಇನ್ನು ಹಗ್ಗದ ವಿಚಾರ. ಗಳದ ಒಂದು ತುದಿ ಮಾಸ್ಟಿನ ಮೇಲಿರೋ ಬಳೆಗೆ ಸಿಕ್ಕಿಸಬೇಕು. ಇನ್ನೊಂದು ತುದಿಯ ದವಡೆಯೊಳಗೆ ಗೈ ಅನ್ನೋ ಹಗ್ಗ ಹಾಯಬೇಕು. ಅದೇ ಹಾಯಿಯ ಮೂಲೆಗೆ ಕಟ್ಟಿ ಹಿಂದಕ್ಕೆ ಎಳೆಯೋ ಹಗ್ಗ. ಗಳದ ನಡುವಿಗೆ ಮೇಲಿನಿಂದ ಒಂದು ಹಗ್ಗ, ಅದು ಟಾಪಿಂಗ್ ಲಿಫ್ಟ್, ಮೇಲೆತ್ತೋಕೆ. ಕೆಳಗಿನಿಂದ ಇನ್ನೊಂದು, ಡೌನ್‌ಹಾಲ್, ಕೆಳಕ್ಕೆ ಜಗ್ಗೋಕೆ. ಹಾಯಿಯ ಇನ್ನೊಂದು ಬದಿಯ ಮೂಲೆಗೆ ಶೀಟ್ ಅನ್ನೋ ಹಗ್ಗ ಬೇರೆ.

ಕಳೆದ ಸಲ ಊರಿಂದ ಅಮ್ಮ ಬಂದಿದ್ದಾಗ ಇದನ್ನೆಲ್ಲ ತಾತ ಬೇಲಿ ಆಚೆಯಿಂದ ಕೈಸನ್ನೆಯಲ್ಲಿ ವಿವರಿಸಿದರು. ಅಮ್ಮನಿಗೆ ಇಂಗ್ಲಿಷ್ ಬಾರದು, ತಾತನಿಗೆ ಕನ್ನಡ ಬಾರದು, ಇಬ್ಬರಿಗೂ ಅದರಿಂದ ಏನೂ ಅಡ್ಡಿಯಾಗಲಿಲ್ಲ. ಅಮ್ಮ ಎಲ್ಲ ನೋಡಿ ನನ್ನ ಕಡೆ ತಿರುಗಿ ಕೇಳಿದಳು, ‘ಅಲ್ಲ ಮಾರಾಯ್ತಿ, ಮೇಲೆತ್ತೂದು ಯಾಕೆ, ಮತ್ತೆ ಕೆಳಗೆ ಜಗ್ಗೂದು ಯಾಕೆ? ಒಂದು ಕಡೆ ಸುಮ್ನೆ ಇಡ್ಲಿಕ್ಕೆ ಆಗೂದಿಲ್ವ?’

ಪ್ರಶ್ನೆ ಸಣ್ಣದಲ್ಲ. ಗಾಳಿ ತುಂಬಿದಾಗ ಹಾಯಿ ಆಕಾಶಕ್ಕೆ ಏರೋಕೆ ನೋಡುತ್ತೆ, ಗಳವನ್ನೂ ಜೊತೆಗೆ ಎತ್ತಿಕೊಂಡು ಹೋಗುತ್ತೆ. ಅದಕ್ಕೆ ಡೌನ್‌ಹಾಲ್. ಗಾಳಿ ಸತ್ತಾಗ ಹಾಯಿ ಸೊರಗಿ ಗಳ ದೊಪ್ಪನೆ ಕೆಳಗೆ ಬೀಳುತ್ತೆ, ಕೆಳಗೆ ನಿಂತವರ ತಲೆ ಇದ್ದರೆ ತಲೆ ಮೇಲೆ. ಅದಕ್ಕೆ ಲಿಫ್ಟ್. ಎರಡರ ನಡುವೆ ಹಿಂದಿನಿಂದ ಗೈ. ಮೂರು ಕಡೆಯಿಂದ ಮೂವರು ಎಳೆದಾಗಲೇ ಗಳ ಒಂದು ಕಡೆ ನಿಲ್ಲೋದು. ಎಷ್ಟು ಎತ್ತರ ಅಂದ್ರೆ, ಹಾಯಿಯ ಎರಡು ಕೆಳಮೂಲೆಗಳು ಸಮಕ್ಕೆ ಬರೋಷ್ಟು. ಯಾವ ಕಡೆ ಅಂದ್ರೆ, ಮಾಸ್ಟಿನ ನೆತ್ತಿ ಮೇಲಿರೋ ಗಾಳಿಬಾಣಕ್ಕೆ ಸರಿಯಾಗಿ ಅಡ್ಡ. ಇಷ್ಟೇ ಶಾಸ್ತ್ರ. ಉಳಿದದ್ದೆಲ್ಲ ಕೂಗಾಟ.

ಶಾಸ್ತ್ರದಲ್ಲಿ ಇನ್ನೊಂದು ಸೂತ್ರ ಇದೆ, ತಾತ ದಿನಕ್ಕೊಮ್ಮೆ ಹೇಳ್ತಾರೆ: ಎಲ್ಲವೂ ಎಲ್ಲದರ ಹೊರಗೆ. ಅಂದರೆ ಈ ಹಗ್ಗಗಳು ಮಾಸ್ಟನ್ನು ಹಿಡಿದ ತಂತಿಗಳ ಹೊರಗೆ, ದೋಣಿಯ ಅಂಚಿನ ಕೈಹಿಡಿಗಳ ಹೊರಗೆ, ಮೂತಿಯ ತಂತಿಯ ಮುಂದಿನಿಂದ ಸುತ್ತಿ ಬರಬೇಕು. ಒಂದೇ ಒಂದು ಹಗ್ಗ ಒಂದೇ ಒಂದು ತಂತಿಯ ಒಳಗಿನಿಂದ ನುಸುಳಿತೋ, ದಡದಲ್ಲಿ ನಿಂತಾಗ ಏನೂ ಗೊತ್ತಾಗಲ್ಲ. ಹಾಯಿ ಮೇಲೇರಿದ ಮೇಲೆ ಗೊತ್ತಾಗುತ್ತೆ, ಪಕ್ಕದ ದೋಣಿಯವರಿಗೂ ಗೊತ್ತಾಗುತ್ತೆ. ಹಾಯಿ ನಡುವಿನಲ್ಲಿ ತಿರುಚಿಕೊಂಡು ಮೇಲೊಂದು ಗುಳ್ಳೆ ಕೆಳಗೊಂದು ಗುಳ್ಳೆಯಾಗಿ ನಿಂತರಂತೂ ಇಡೀ ಕೊಲ್ಲಿಗೇ ಗೊತ್ತಾಗುತ್ತೆ.

ದವಡೆ ಮೇಲ್ಮುಖವೋ ಕೆಳಮುಖವೋ ಅನ್ನೋ ಜಗಳ ನಿಮಗೆ ಹೇಳಿದ್ನಾ? ಗಳದ ತುದಿಯಲ್ಲಿ ಬಾಯಿ ಇರುತ್ತಲ್ಲ, ಅದು ಆಕಾಶ ನೋಡಬೇಕೋ ನೀರು ನೋಡಬೇಕೋ ಅಂತ. ನೋಡೋಕೆ ಹೋದ್ರೆ ಮೊಟ್ಟೆ ಯಾವ ಕಡೆ ಒಡೀಬೇಕು ಅನ್ನೋ ಮಟ್ಟದ ಜಗಳ. ಆದರೆ ಮೇಲ್ಮುಖದವರ ವಾದದಲ್ಲಿ ತಿರುಳಿದೆ. ಬಿಚ್ಚಬೇಕಾದಾಗ ಸಣ್ಣ ದಾರ ಎಳೆದು ಕೊಕ್ಕೆ ತೆರೆದರೆ ಸಾಕು, ಗಳ ತನ್ನ ಭಾರಕ್ಕೆ ತಾನೇ ಕೆಳಗೆ ಜಾರುತ್ತೆ, ಬಿಗಿಯಾಗಿರೋ ಹಗ್ಗ ಮೇಲಕ್ಕೆ ಚಿಮ್ಮಿ ಹೊರಗೆ ಹೋಗುತ್ತೆ. ಕೆಳಮುಖವಾಗಿದ್ದರೆ ಅಷ್ಟು ಬಿಗಿದ ಹಗ್ಗದ ಮೇಲಿನಿಂದ ಗಳವನ್ನು ಎತ್ತಿ ಬಿಡಿಸಬೇಕು. ಕೆಳಮುಖದವರು ಸಿಕ್ಕಿಸೋಕೆ ಸುಲಭ ಅಂತಾರೆ. ಸಿಕ್ಕಿಸೋದು ನಿಧಾನದ ಕೆಲಸ, ಬಿಚ್ಚೋದು ಪ್ರಾಣಸಂಕಟದ ಕೆಲಸ. ನನ್ನ ಮತ ಮೇಲ್ಮುಖಕ್ಕೇ.

ಆ ಕೊಕ್ಕೆಯೊಳಗೆ ಒಂದು ಪಿಸ್ಟನ್, ಅದರ ಹಿಂದೆ ಸ್ಪ್ರಿಂಗು. ಉಪ್ಪುನೀರು ಕುಡಿದು ಕುಡಿದು ಅದು ಹಿಡಿದುಕೊಳ್ಳುತ್ತೆ. ಗಳ ಅಲ್ಯೂಮಿನಿಯಂ, ಪಿನ್ನು ಸ್ಟೀಲು, ನಡುವೆ ಉಪ್ಪು. ಎರಡು ಲೋಹ ಉಪ್ಪುನೀರಿನಲ್ಲಿ ಒಂದಕ್ಕೊಂದು ಅಂಟಿ ಕೂತರೆ ಅಲ್ಯೂಮಿನಿಯಮ್ಮೇ ಸವೆಯೋದು. ಅಂಥ ಕಡೆ ಬಿಳಿ ಹಿಟ್ಟು ಉದುರಿದ ಹಾಗೆ ಬೂಷ್ಟು ಏಳುತ್ತೆ. ತಾತ ಬಿಸಿನೀರು ಹಾಕಿ, ಹಳೇ ಹಲ್ಲುಜ್ಜೋ ಬ್ರಷ್ಷಿನಲ್ಲಿ ತಿಕ್ಕುತ್ತಾ ಗಂಟೆಗಟ್ಟಲೆ ಕೂತಿರ್ತಾರೆ. ಅದನ್ನು ನೋಡಲಾರದೆ ಅಮ್ಮ ಒಳಗೆ ಹೋಗಿ ಕೊಬ್ಬರಿ ಎಣ್ಣೆ ಶೀಶೆ ತಂದು ಬೇಲಿ ಮೇಲೆ ಇಟ್ಟಳು. ಹಜಾರದ ಬಾಗಿಲು, ಹೊಲಿಗೆ ಮಿಷನ್ನು, ಮಕ್ಕಳ ತಲೆ, ಏನೇ ಕಿರ್ ಅಂದ್ರೂ ನಮ್ಮ ಕಡೆ ಅದೇ ಔಷಧ ಅಲ್ವಾ? ತಾತ ಬಹಳ ಗೌರವದಿಂದ ಶೀಶೆ ಎತ್ತಿ, ಬಗ್ಗಿಸಿ ನೋಡಿದರು. ಎಣ್ಣೆ ಅಲ್ಲಾಡಲಿಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿಗೆ ಕೆಳಗಿಳಿದರೆ ಹೆಪ್ಪುಗಟ್ಟುತ್ತೆ, ಈ ಊರಿನಲ್ಲಿ ಚಳಿಗಾಲ ಹಾಗಿರಲಿ, ಜುಲೈ ಸಂಜೆಗೂ ಸ್ವೆಟರ್ ಬೇಕು. ಪಿಸ್ಟನ್ನಿಗೆ ಎಣ್ಣೆ ಗ್ರೀಸು ಯಾವುದೂ ಒಳ್ಳೇದಲ್ಲವಂತೆ, ಧೂಳು ಉಪ್ಪು ಎಲ್ಲ ಅಂಟಿಸಿಕೊಳ್ಳುತ್ತೆ, ಒಣಗೋ ಜಾತಿಯ ಸ್ಪ್ರೇ ಹೊಡೀಬೇಕಂತೆ. ಅಮ್ಮನಿಗೆ ಅದನ್ನು ಹೇಳೋಕೆ ತಾತನಿಗೆ ಧೈರ್ಯ ಬರಲಿಲ್ಲ. ಶೀಶೆ ಅವರ ಅಡುಗೆಮನೆ ಸೇರಿತು. ಅದರಲ್ಲಿ ಪಾಪ್‌ಕಾರ್ನ್ ಹುರಿದರೆ ಬಹಳ ಚೆನ್ನಾಗಿರುತ್ತೆ ಅಂತ ಆಮೇಲೆ ವರದಿ ಬಂತು.

ಬೇಲಿ ಮೇಲಿಂದ ಆಚೆ ಹೋದ ಇನ್ನೊಂದು ಪದಾರ್ಥ ರಬ್ಬರ್‌ಬ್ಯಾಂಡು. ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಹಾಕಿರ್ತಾರಲ್ಲ, ಅವನ್ನು ನಾವ್ಯಾರೂ ಬಿಸಾಕಲ್ಲ, ಡ್ರಾಯರ್ ತುಂಬ ಕೂಡಿಡ್ತೀವಿ. ಯಾತಕ್ಕೆ ಅಂತ ಕೇಳಿದ್ರೆ ಉತ್ತರ ಇಲ್ಲ. ಉತ್ತರ ಸ್ಪಿನೇಕರ್‌ನಲ್ಲಿದೆ ನೋಡಿ! ಜೆ/24ರಷ್ಟು ಸಣ್ಣ ದೋಣಿಯಲ್ಲಿ ಹಾಯಿಯ ಅಂಚುಗಳನ್ನು ಕೈಯಲ್ಲಿ ಸವರಿಕೊಂಡು ಹೋಗಿ, ಕೆಂಪು ಪಟ್ಟಿ ಒಂದು ಕಡೆ, ಹಸಿರು ಪಟ್ಟಿ ಒಂದು ಕಡೆ ಬರೋ ಹಾಗೆ ಚೀಲಕ್ಕೆ ತುರುಕಿದರೆ ಮುಗೀತು. ಕೆಂಪು ದೋಣಿಯ ಎಡಕ್ಕೆ, ಹಸಿರು ಬಲಕ್ಕೆ. ತಾತನ ಸ್ನೇಹಿತರಿಗಿರೋವಂಥ ಸ್ವಲ್ಪ ದೊಡ್ಡ ದೋಣಿಯಲ್ಲಿ ಅಷ್ಟು ಸಾಲದು. ಅರ್ಧ ಮೇಲೇರುವಷ್ಟರಲ್ಲೇ ಗಾಳಿ ತುಂಬಿಬಿಟ್ಟರೆ ಎಳೆಯೋರ ತೋಳು ಕಿತ್ತು ಬರುತ್ತೆ. ಅದಕ್ಕೆ ಒಂದು ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸ್ತಾರೆ. ಅದರ ಹೊರಮೈಗೆ ರಬ್ಬರ್‌ಬ್ಯಾಂಡು ಬಳೆ ತೊಡಿಸಿದ ಹಾಗೆ ತೊಡಿಸ್ತಾರೆ. ಹಾಯಿಯನ್ನು ಬಕೆಟ್ಟಿನೊಳಗಿನಿಂದ ಎಳೀತಾ, ಎರಡು ಮೂರು ಅಡಿಗೊಂದು ಬ್ಯಾಂಡನ್ನು ಪಟ್ ಅಂತ ಅದರ ಮೇಲೆ ಜಾರಿಸ್ತಾರೆ. ಹಾಯಿ ಉದ್ದನೆ ಹಾವಾಗಿ ಚೀಲ ಸೇರುತ್ತೆ, ಹಾವಾಗಿಯೇ ಮಾಸ್ಟಿನ ತುದಿ ಮುಟ್ಟುತ್ತೆ. ಆಮೇಲೆ ಕೆಳಗಿನಿಂದ ಶೀಟನ್ನು ಜೋರಾಗಿ ಒಮ್ಮೆ ಎಳೆದರೆ ಪಟಪಟಪಟ ಅಂತ ಬ್ಯಾಂಡುಗಳು ಹರಿದು ಹಾಯಿ ಬಿರಿಯುತ್ತೆ.

ಈಗ ತಾತನ ಸ್ನೇಹಿತರು ರಬ್ಬರ್ ಬಿಟ್ಟು ಉಲ್ಲನ್ ದಾರ ಕಟ್ತಾರೆ. ಹರಿದ ಚೂರೆಲ್ಲ ಸಮುದ್ರಕ್ಕೇ ತಾನೇ ಬೀಳೋದು, ಉಣ್ಣೆಯಾದ್ರೆ ಕೊಳೆಯುತ್ತೆ. ಸರಿಯಾದ ಮಾತೇ. ಆದರೆ ನಮ್ಮ ಡ್ರಾಯರ್ ಮತ್ತೆ ತುಂಬ್ತಾ ಇದೆ.

ಗಳದ ಅಸಲಿ ಪರೀಕ್ಷೆ ಜೈಬ್ ಹೊಡೆಯುವಾಗ. ಗಾಳಿ ಬೆನ್ನಿಗಿದ್ದಾಗ ದೋಣಿ ದಿಕ್ಕು ಬದಲಿಸಿದರೆ, ಬಲಕ್ಕೆ ಚಾಚಿದ್ದ ಗಳ ಎಡಕ್ಕೆ ಹೋಗಬೇಕು. ಹಾಯಿ ಮಾತ್ರ ಏನೂ ಆಗದ ಹಾಗೆ ಉಬ್ಬಿಕೊಂಡೇ ಇರಬೇಕು. ತಾತ ಇದನ್ನು ನಮ್ಮವರಿಗೆ ಕಲಿಸಿದ್ದು ಹಿತ್ತಲಿನ ನಿಂಬೆಗಿಡದ ಹತ್ತಿರ. ಗಿಡದ ಕಾಂಡಕ್ಕೆ ಒಂದು ಬಳೆ ಕಟ್ಟಿದ್ರು, ಅದೇ ಮಾಸ್ಟು. ಎರಡು ಕಡೆ ಬೇಲಿಯ ಗೂಟಕ್ಕೆ ಎರಡು ಹಗ್ಗ. ನಮ್ಮವರು ಗಿಡಕ್ಕೆ ಬೆನ್ನು ಕೊಟ್ಟು, ಮೂತಿಯ ಕಡೆ ಮುಖ ಮಾಡಿ, ಕಾಲು ಅಗಲಿಸಿ ನಿಲ್ಲೋರು. ತಾತ ‘ಟ್ರಿಪ್’ ಅಂದ ಕೂಡಲೇ ಬಳೆಯಿಂದ ಗಳದ ತುದಿ ಬಿಚ್ಚಬೇಕು. ಆ ತುದಿಯನ್ನು ಎದುರು ಬದಿಯ ಹಗ್ಗಕ್ಕೆ ಸಿಕ್ಕಿಸಬೇಕು. ಒಂದು ಕ್ಷಣ ಗಳ ಎದೆಗೆ ಅಡ್ಡಲಾಗಿ, ಎರಡು ಹಗ್ಗವನ್ನೂ ಕಚ್ಚಿಕೊಂಡಿರುತ್ತೆ. ಆಮೇಲೆ ಹಳೇ ಹಗ್ಗದ ತುದಿ ಬಿಚ್ಚಿ, ಗಳವನ್ನು ಹೊಸ ಬದಿಗೆ ತಳ್ಳಿ, ಕೈಲಿರೋ ತುದಿಯನ್ನು ಬಳೆಗೆ ಕೂರಿಸಬೇಕು. ಹಳೇ ಮಾಸ್ಟಿನ ತುದಿ ಈಗ ಹಾಯಿಯ ತುದಿ, ಹಾಯಿಯ ತುದಿ ಈಗ ಮಾಸ್ಟಿನ ತುದಿ. ಗಳದ ಎರಡು ತುದಿಯೂ ಒಂದೇ ಥರ ಇರೋದು ಇದಕ್ಕೇನೇ.

ಕೇಳೋಕೆ ಸಲೀಸು. ನಿಂಬೆಗಿಡಕ್ಕೆ ಮುಳ್ಳಿದೆ ಅನ್ನೋದನ್ನು ಬಿಟ್ಟರೆ ಮಾಡೋಕೂ ಸಲೀಸೇ. ನೀರಿನ ಮೇಲೆ ಆ ಕೊನೇ ತಳ್ಳುವಿಕೆ ಇದೆಯಲ್ಲ, ಅದರ ಎದುರಿಗೆ ಹಾಯಿಯಲ್ಲಿ ತುಂಬಿದ ಗಾಳಿ ಅಷ್ಟೂ ಇರುತ್ತೆ. ಹಿಂದೆ ಗೈ ಹಿಡಿದವರು ಒಂದು ಗೇಣು ಸಡಿಲ ಬಿಟ್ಟರೆ ಗಳ ಬಳೆಗೆ ಕೂರುತ್ತೆ, ಬಿಡದಿದ್ದರೆ ಬಳೆ ಕಣ್ಣೆದುರಿಗೇ ಇದ್ದರೂ ಎರಡು ಇಂಚು ದೂರ. ಆಗ ಮುಂದಿನವರು ಹಿಂದಿನವರಿಗೆ, ಹಿಂದಿನವರು ಚುಕ್ಕಾಣಿಯವರಿಗೆ, ಚುಕ್ಕಾಣಿಯವರು ಗಾಳಿಗೆ ಬೈತಾರೆ. ಗಾಳಿ ಯಾರಿಗೂ ತಿರುಗಿ ಹೇಳಲ್ಲ.

ಇಲ್ಲಿಯ ಗಾಳಿಯ ಜಾಯಮಾನವೂ ಹಾಗಿದೆ. ಬೇಸಿಗೆ ಮಧ್ಯಾಹ್ನ ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದು ಕಬ್ಬಿಣವಾಗುತ್ತೆ, ಅಲ್ಲಿಯ ಬಿಸಿಗಾಳಿ ಮೇಲೇಳುತ್ತೆ. ಆ ಜಾಗ ತುಂಬೋಕೆ ಪೆಸಿಫಿಕ್‌ನ ತಣ್ಣನೆ ಗಾಳಿ ಓಡಿ ಬರಬೇಕು, ಕರಾವಳಿ ಬೆಟ್ಟಸಾಲಿನಲ್ಲಿ ಅದಕ್ಕೆ ದೊಡ್ಡ ಬಾಗಿಲು ಅಂತ ಇರೋದು ಗೋಲ್ಡನ್ ಗೇಟ್ ಒಂದೇ. ಒಂದೇ ಬಾಗಿಲಲ್ಲಿ ಎಲ್ಲರೂ ನುಗ್ಗಿದರೆ ಏನಾಗುತ್ತೆ? ಮೂರು ನಾಲ್ಕು ಗಂಟೆ ಹೊತ್ತಿಗೆ 20–25 ನಾಟ್ ಗಾಳಿ ದಿನವೂ ಹಾಜರು. ರೇಸಿನಲ್ಲಿ ಸೇತುವೆಯ ಕಡೆ ಗಾಳಿಗೆದುರಾಗಿ ಹೆಣಗಾಡಿ ಹೋಗಿ, ಅಲ್ಲಿ ಗುರುತಿಗೆ ತೇಲಿಬಿಟ್ಟ ಬುರುಡೆ ಸುತ್ತಿ, ಸ್ಪಿನೇಕರ್ ಬಿಚ್ಚಿಕೊಂಡು ಬರ್ಕ್ಲಿ ಕಡೆ ಹಾರಿ ಬರ್ತಾರೆ. ಹೋಗುವಾಗ ಮೈಯೆಲ್ಲ ಉಪ್ಪು, ಬರುವಾಗ ಬೆನ್ನಿಗೆ ಬಿಸಿಲು. ಶೀಟ್ ಹಿಡಿದವರು ಕಣ್ಣು ಮಿಟುಕಿಸದೆ ಹಾಯಿಯ ಗಾಳಿಕಡೆ ಅಂಚು ನೋಡ್ತಾ ಇರ್ತಾರೆ. ಭುಜದ ಹತ್ತಿರ ಅಂಚು ಒಳಕ್ಕೆ ಚೂರೇ ಚೂರು ಮಡಚಿಕೊಳ್ಳಬೇಕು, ಆಗ ಹಾಯಿ ಹದದಲ್ಲಿದೆ ಅಂತ. ಮಡಿಕೆ ಮಾಯವಾದ್ರೆ ಬಿಗಿ ಜಾಸ್ತಿ, ದೊಡ್ಡದಾದ್ರೆ ಹಾಯಿ ಕುಸಿಯುತ್ತೆ. ಅಮೆರಿಕದವರು ವಾರದ ನಡುವಿನ ಇಂಥ ಸಂಜೆ ಓಟಕ್ಕೆ ‘ಬಿಯರ್ ಕ್ಯಾನ್ ರೇಸ್’ ಅಂತಾರೆ. ಗೆದ್ದವರಿಗೂ ಸೋತವರಿಗೂ ಕೊನೆಗೆ ಸಿಗೋದು ಅದೇ ಆದ್ದರಿಂದ.

ಅಮ್ಮ ದಡದ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡ್ತಿದ್ದವಳು, ಇದ್ದಕ್ಕಿದ್ದ ಹಾಗೆ, ‘ನಮ್ಮ ಮಚವೆಯವ್ರು ಇಡೀ ಮರವನ್ನೇ ತಿರುಗಿಸ್ತಿದ್ರು’ ಅಂದಳು. ಅಮ್ಮನ ತವರು ಹೊನ್ನಾವರ, ಶರಾವತಿ ಸಮುದ್ರ ಸೇರೋ ಊರು. ಅವಳ ಬಾಲ್ಯದಲ್ಲಿ ಎಂಜಿನ್ ಇಲ್ಲದ ಹಾಯಿಯ ಮಚವೆಗಳು ಇನ್ನೂ ಬರ್ತಿದ್ದವಂತೆ, ಹೆಂಚು, ತೆಂಗಿನಕಾಯಿ, ಕಟ್ಟಿಗೆ ಹೇರಿಕೊಂಡು. ಅವುಗಳ ಹಾಯಿ ನಿಮಗೂ ಗೊತ್ತು, ಮುಕ್ಕೋನೆಯದು, ಮೇಲಂಚಿಗೆ ಓರೆಯಾಗಿ ಉದ್ದನೆ ಮರ. ಗಾಳಿ ಬದಿ ಬದಲಾದರೆ ಆ ಮರವನ್ನು ನೆಟ್ಟಗೆ ನಿಲ್ಲಿಸಿ, ಮಾಸ್ಟಿನ ಮುಂದಿನಿಂದ ದಾಟಿಸಿ, ಆಚೆ ಬದಿಗೆ ಮಲಗಿಸಬೇಕು. ಹಾಯಿಯೂ ಅದರ ಜೊತೆ ಸುತ್ತು ಹೊಡೆಯಬೇಕು. ಅರಬ್ಬೀ ಸಮುದ್ರದ ಹಡಗುಗಳೆಲ್ಲ ಗಾಳಿಗೆ ಎದುರಾಗಿ ತಿರುಗದೆ, ಗಾಳಿಗೆ ಬೆನ್ನು ಕೊಟ್ಟೇ ಸುತ್ತು ಹೊಡೀತಿದ್ದದ್ದು ಇದೇ ಕಾರಣಕ್ಕೆ. ಎದುರುಗಾಳಿಯಲ್ಲಿ ಆ ಮರ ಹಾಯಿಸಮೇತ ಮಾಸ್ಟಿಗೆ ಒತ್ತಿಕೊಂಡುಬಿಟ್ಟರೆ ಬಿಡಿಸೋರು ಯಾರು?

‘ಆಗ ಎಲ್ರೂ ಒಟ್ಟಿಗೆ ಹಾಡು ಹೇಳ್ಕೊಂಡು ಎಳೀತಿದ್ರು’ ಅಂದಳು ಅಮ್ಮ. ‘ಇವ್ರು ಎಂತಕ್ಕೆ ಬೈಕಳ್ತಾ ಎಳೀತ್ರು?’ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತಾತನಿಗೆ ಅನುವಾದ ಮಾಡಿದೆ, ಅವರು ಬಹಳ ಹೊತ್ತು ನಕ್ಕರು.

ದೊಡ್ಡ ದೋಣಿಗಳಲ್ಲಿ ಗಳವನ್ನು ಹೀಗೆ ತುದಿ ಬದಲಿಸೋಕೆ ಆಗಲ್ಲ, ಅಷ್ಟು ಭಾರ. ಮಾಸ್ಟಿನ ತುದಿ ಅಲ್ಲೇ ಇರುತ್ತೆ, ಅದನ್ನು ಹಳಿಯ ಮೇಲೆ ಮೇಲಕ್ಕೆ ಜಾರಿಸಿ, ಹೊರತುದಿಯನ್ನು ಲಿಫ್ಟ್ ಸಡಿಲಿಸಿ ಕೆಳಗಿಳಿಸಿ, ಮೂತಿಯ ತಂತಿಯ ಕೆಳಗಿನಿಂದ ತೂರಿಸಿ ಆಚೆಗೆ ಎತ್ತುತ್ತಾರೆ. ಮೂತಿಯಲ್ಲಿ ಕೂತವರು ಹೊಸ ಹಗ್ಗ ಹಿಡಿದು ಕಾಯ್ತಾ ಇರ್ತಾರೆ, ಗಳ ತೂಗಿಕೊಂಡು ಮುಖದ ಹತ್ತಿರ ಬಂದಾಗ ದವಡೆಗೆ ಹಗ್ಗ ಇಟ್ಟು ತಲೆ ತಗ್ಗಿಸಬೇಕು. ಆ ಕೆಲಸಕ್ಕೆ ಸಂಬಳ ಎಷ್ಟು ಕೊಟ್ರೂ ಕಮ್ಮಿ ಅಂತೀನಿ.

ದೊಡ್ಡದು ಅಂದ್ರೆ ಎಷ್ಟು ದೊಡ್ಡದು? 1937ರಲ್ಲಿ ಅಮೆರಿಕಾಸ್ ಕಪ್ ಗೆದ್ದ ರೇಂಜರ್ ಅನ್ನೋ ದೋಣಿಯ ಸ್ಪಿನೇಕರ್ 18,000 ಚದರ ಅಡಿ ಇತ್ತಂತೆ. ಬೆಂಗಳೂರಿನ ಲೆಕ್ಕದಲ್ಲಿ ಹದಿನೈದು ಥರ್ಟಿ-ಫಾರ್ಟಿ ಸೈಟು! ಕಾರ್ನರ್ ಸೈಟು ಬೇರೆ ಇರುತ್ತೆ ಅದರಲ್ಲಿ. ಅಷ್ಟು ಬಟ್ಟೆಯ ಮೂಲೆ ಹಿಡಿಯೋಕೆ ಎಂಥ ಗಳ ಬೇಕು ಯೋಚನೆ ಮಾಡಿ. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಗೋಲ್ಡನ್ ಗೇಟ್ ಸೇತುವೆಯೂ ತೆರೆದದ್ದು. ಸೇತುವೆ ಇನ್ನೂ ಇದೆ. ರೇಂಜರನ್ನು 1941ರಲ್ಲಿ ಗುಜರಿಗೆ ಹಾಕಿದರು.

ಆ ದೋಣಿ ನಡೆಸಿದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಸಾಮಾನ್ಯ ಆಸಾಮಿಯಲ್ಲ. ಕೋಟ್ಯಧಿಪತಿ ರೈಲ್ವೆ ಮನೆತನ. 1925ರಲ್ಲಿ ಪನಾಮಾ ಕಾಲುವೆ ಕಡೆ ಹಡಗಿನಲ್ಲಿ ಹೋಗ್ತಾ ಹೊತ್ತು ಹೋಗದೆ ಇಸ್ಪೀಟಿನ ಲೆಕ್ಕವನ್ನು ತಿದ್ದಿ ತಿದ್ದಿ, ಇವತ್ತು ಜಗತ್ತು ಆಡೋ ಕಾಂಟ್ರಾಕ್ಟ್ ಬ್ರಿಜ್ ಆಟಕ್ಕೆ ರೂಪ ಕೊಟ್ಟರು. ಕೆಲವರಿಗೆ ಪ್ರಯಾಣದಲ್ಲಿ ಬೇಜಾರಾದ್ರೂ ಲೋಕಕ್ಕೆ ಲಾಭ. ನಾವು ಇಪ್ಪತ್ತೆಂಟು ಆಡ್ತಾ ಬಸ್ಸು ತಪ್ಪಿಸಿಕೊಳ್ಳೋ ಜನ.

ಎಲ್ಲಿದ್ವಿ? ಹಾಂ, ಗಳ. ಗಳಕ್ಕೆ ಈಗ ಕಾಲ ಸರಿಯಿಲ್ಲ. 1980ರ ದಶಕದಲ್ಲಿ ಸಿಡ್ನಿ ಬಂದರಿನ 18 ಅಡಿಯ ಸ್ಕಿಫ್ ದೋಣಿ ಓಡಿಸೋರು ಇಷ್ಟುದ್ದದ ಗಳ, ಇಷ್ಟು ಹಗ್ಗ, ಇಷ್ಟು ಬೈಗುಳ ಯಾರಿಗೆ ಬೇಕು ಅಂತ ಯೋಚಿಸಿದರು. ದೋಣಿಯ ಮೂತಿಗೇ ಒಂದು ಕೊಂಬು ಮುಂದಕ್ಕೆ ಚಾಚಿ, ಸೊಟ್ಟ ಆಕಾರದ ಸ್ಪಿನೇಕರನ್ನು ಅದಕ್ಕೆ ಕಟ್ಟಿಬಿಟ್ಟರು. ಜೈಬ್ ಮಾಡಬೇಕಾ? ಒಂದು ಹಗ್ಗ ಬಿಡು, ಇನ್ನೊಂದು ಎಳಿ. ಮುಗೀತು. 1991ರಲ್ಲಿ ಅದನ್ನೇ ಊರ ದೋಣಿಗೆ ತಂದದ್ದು ಜೆ/105, ಒಳಗಿಂದ ಹೊರಗೆ ಜಾರಿ ಬರೋ ಕಾರ್ಬನ್ ಕೊಂಬಿನ ಸಮೇತ. ಯಾರು ಮಾಡಿದ್ದು ಹೇಳಿ? ಅದೇ ಜಾನ್‌ಸ್ಟೋನ್ ಕುಟುಂಬದವರು! ಗ್ಯಾರೇಜಿನಲ್ಲಿ ಗಳದ ದೋಣಿ ಕಟ್ಟಿದವರೇ ಗಳಕ್ಕೆ ರಾಜೀನಾಮೆ ಬರೆಸಿದರು. ತಾತ ಈ ವಿಷಯ ಬಂದಾಗ ಮಾತ್ರ ಸ್ವಲ್ಪ ಮೌನ.

ಮೌನ ಅಂದ್ರೆ ಸೋಲು ಅಂತ ಅಲ್ಲ. ಕೊಂಬಿನ ಹಾಯಿಗೆ ಒಂದು ಕೊರತೆ ಇದೆ. ಗಾಳಿ ಸರಿಯಾಗಿ ಬೆನ್ನಿಗೇ ಬಂದರೆ ದೊಡ್ಡ ಹಾಯಿಯ ನೆರಳಿನಲ್ಲಿ ಅದು ಸೊರಗಿ ಜೋತು ಬೀಳುತ್ತೆ. ಹಾಗಾಗಿ ಆ ದೋಣಿಗಳು ನೇರ ಹೋಗಲ್ಲ, ಅಂಕುಡೊಂಕಾಗಿ ಗಾಳಿಯನ್ನು ಪಕ್ಕಕ್ಕೆ ಇಟ್ಕೊಂಡು ಹೋಗ್ತವೆ. ಹಗುರ ದೋಣಿಯಾದ್ರೆ ಸುತ್ತು ದಾರಿಯಲ್ಲೂ ಮೊದಲೇ ತಲುಪುತ್ತೆ, ಭಾರದ ದೋಣಿಯಾದ್ರೆ ಸುತ್ತಿದ್ದಷ್ಟೇ ಲಾಭ. ಗಳ ಇದ್ದರೆ ಹಾಯಿಯನ್ನು ನೆರಳಿನಿಂದ ಈಚೆಗೆ ಎಳೆದು ಗಾಳಿಗೆ ಒಡ್ಡಬಹುದು, ಹೋಗಬೇಕಾದ ಕಡೆಗೇ ಮೂತಿ ಇಟ್ಟು ಹೋಗಬಹುದು. ಲಾಸ್ ಏಂಜಲೀಸ್‌ನಿಂದ ಹೊನಲುಲುವಿಗೆ 1906ರಿಂದ ನಡೀತಿರೋ ಟ್ರಾನ್ಸ್‌ಪ್ಯಾಕ್ ರೇಸು 2,225 ನಾಟಿಕಲ್ ಮೈಲಿ, ಬಹುಪಾಲು ದಾರಿ ವ್ಯಾಪಾರ ಮಾರುತ ಬೆನ್ನಿಗೆ. ಅಲ್ಲಿ ಹಳೇ ಗಳದ ದೋಣಿಗಳಿಗೆ ಈಗಲೂ ಮರ್ಯಾದೆ ಇದೆ. ರೇಸಿನ ಗೊಡವೆ ಇಲ್ಲದೆ ಸಾಗರ ದಾಟೋರೂ ಮುಂದಿನ ಮಾಮೂಲಿ ಹಾಯಿಯನ್ನೇ ಗಳಕ್ಕೆ ಸಿಕ್ಕಿಸಿ ಒಂದು ಕಡೆ, ದೊಡ್ಡ ಹಾಯಿ ಇನ್ನೊಂದು ಕಡೆ, ರೆಕ್ಕೆ ಬಿಚ್ಚಿಕೊಂಡು ದಿನಗಟ್ಟಲೆ ಹೋಗ್ತಾರೆ.

ಹಳೇ ದೋಣಿಗಳ ಮಾತು ಬಂದದ್ದಕ್ಕೆ ಹೇಳ್ತೀನಿ, ಒಬ್ಬರೇ ಭೂಮಿ ಸುತ್ತೋ ಗೋಲ್ಡನ್ ಗ್ಲೋಬ್ ರೇಸಿನ ಕಟ್ಟಳೆಯೇ ಹಳೇ ಕಾಲದ್ದು. 1988ಕ್ಕೆ ಮುಂಚಿನ ವಿನ್ಯಾಸ, 32ರಿಂದ 36 ಅಡಿಯ ದೋಣಿ, ದಾರಿ ಹುಡುಕೋಕೆ ನಕ್ಷತ್ರ. ಅಂಥದ್ದರಲ್ಲಿ ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ, 2018ರಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಬೆನ್ನು ಮುರಿದುಕೊಂಡವರು, ಮತ್ತೆ ಹೋಗಿ 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಸೇರಿದರು. ಮೊದಲು ಬಂದದ್ದು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನೊಯ್‌ಶೇಫರ್, ಒಬ್ಬ ಹೆಂಗಸು. ಅಮ್ಮನಿಗೆ ಈ ಸುದ್ದಿ ಹೇಳಿದಾಗ ‘ಅಷ್ಟೂ ಹಗ್ಗ ಅವಳೊಬ್ಳೇ?’ ಅಂತ ಕೇಳಿ, ನಮ್ಮವರ ಕಡೆ ಒಂದು ಸಲ ನೋಡಿದಳು. 1969ರಲ್ಲಿ ಮೊದಲ ಬಾರಿಗೆ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ ಬಂದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ ಸುಹೈಲಿ ಅನ್ನೋ ದೋಣಿಯನ್ನು ಕಟ್ಟಿದ್ದು ಎಲ್ಲಿ ಗೊತ್ತಾ? ಬೊಂಬಾಯಲ್ಲಿ, ತೇಗದ ಮರದಲ್ಲಿ. 32 ಅಡಿ ದೋಣಿ, 312 ದಿನ.

ಊರಲ್ಲಿದ್ದುಕೊಂಡು ಇದನ್ನೆಲ್ಲ ನೋಡೋಕೆ ಆಗಲ್ಲ ಅಂತ ಬೇಜಾರು ಬೇಡ. ಬೆಂಗಳೂರಿನ ಹಲಸೂರು ಕೆರೆಯಲ್ಲೇ ಎಂಇಜಿ ಸೈನಿಕರು ಹಾಯಿದೋಣಿ ಓಡಿಸ್ತಾರೆ, ಕೆಆರ್‌ಎಸ್ ಹಿನ್ನೀರಿನಲ್ಲೂ ಸ್ಪರ್ಧೆ ನಡೆಯೋದುಂಟು. 420, 470 ಅನ್ನೋ ಇಬ್ಬರ ದೋಣಿಗಳು ಕಂಡರೆ ನೋಡಿ, ಅವಕ್ಕೆ ಪುಟ್ಟ ಸ್ಪಿನೇಕರೂ ಇದೆ, ಪುಟ್ಟ ಗಳವೂ ಇದೆ. ಒಬ್ಬರು ಚುಕ್ಕಾಣಿ, ಇನ್ನೊಬ್ಬರು ಉಳಿದದ್ದೆಲ್ಲ.

ಈ ಕಡೆ ಬರೋದಾದರೆ ಸೆಪ್ಟೆಂಬರಿನಲ್ಲಿ ಬನ್ನಿ. 1964ರಿಂದ ನಡೆದುಕೊಂಡು ಬಂದಿರೋ ಬಿಗ್ ಬೋಟ್ ಸೀರೀಸ್ ಆಗ ಸ್ಯಾನ್ ಫ್ರಾನ್ಸಿಸ್ಕೋ ದಡಕ್ಕೆ ಅಂಟಿಕೊಂಡೇ ನಡೆಯುತ್ತೆ, ಮರೀನಾ ಗ್ರೀನ್ ಹುಲ್ಲಿನ ಮೇಲೆ ಕೂತರೆ ಎಲ್ಲ ಕಾಣುತ್ತೆ, ಟಿಕೆಟ್ ಇಲ್ಲ. ಯಾರಾದ್ರೂ ದೋಣಿಗೇ ಹತ್ತಿ ಅಂತ ಕರೆದು, ಯಾವ ಹಗ್ಗ ಹಿಡೀತೀರಿ ಅಂತ ಕೇಳಿದರೆ ಟಾಪಿಂಗ್ ಲಿಫ್ಟ್ ಅನ್ನಿ. ಎಲ್ಲದಕ್ಕಿಂತ ಕಮ್ಮಿ ಬೈಗುಳ ಬೀಳೋದು ಅದಕ್ಕೇ. ಸ್ವೆಟರ್ ಮಾತ್ರ ಮರೀಬೇಡಿ.